ನಿಮಿಷಕ್ಕೆ ಎಷ್ಟು ಗುಳ್ಳೆ

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ
ಇಂಡುವಾಳಿನ ತೂಬಿನ ಹತ್ತಿರ ಸೀರೆ ಎತ್ತಿ ಕಟ್ಟಿ
ಮೊಣಕಾಲುದ್ದ ನೀರಿಗೆ ಇಳಿಯುತ್ತೇನೆ.
ಹದಿನೇಳು ವರ್ಷದಿಂದ ಇದು ನನ್ನ ಕೆಲಸ;
ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.

ನಮ್ಮೂರಲ್ಲಿ ನೀರೊಳಗೆ ಹಸಿರಾಗಿರುವುದೆಲ್ಲ ಪಾಚಿಯೇ.
"ಪಾಚಿಯಲ್ಲ ಕೆಂಪಾಜಮ್ಮ, ಇದು ಗಿಡ," ಎಂದಿದ್ದರು
ಸೇರಿದ ಹೊಸತರಲ್ಲಿ ಬಾಟನಿ ಮೇಡಂ,
"ಬೇರುಂಟು, ಹೂವುಂಟು, ಎಲೆ ಮಾತ್ರ ಎರಡೇ ಕೋಶದ ದಪ್ಪ.
ಉಸಿರಾಡಲು ಬೇರೆ ಬಾಯಿಲ್ಲ,
ಮೈಯೆಲ್ಲ ಬಾಯಿ."
ಅಂದಿನಿಂದ ಕೀಳುವಾಗ ನನ್ನ ಕೈ ಸ್ವಲ್ಪ ಹಗುರ.

ಗುಳ್ಳೆ ಬಿಡುವ ಗಿಡ ಎಲ್ಲೆಂದರಲ್ಲಿ ಸಿಕ್ಕೀತೆ?
ನಾಲೆಗೆ ನೀರು ಬಿಟ್ಟ ಮೊದಲ ವಾರ ಬೇಡ:
ಕಾಫಿ ಬಣ್ಣದ ನೀರು, ಎಲೆಎಲೆಯ ಮೇಲೂ ಮಣ್ಣಿನ ಪದರ,
ಮಟಮಟ ಮಧ್ಯಾಹ್ನದಲ್ಲೂ ತಳದಲ್ಲಿ ಮುಸ್ಸಂಜೆ.
ಕಬ್ಬಿನ ಗದ್ದೆಯ ಯೂರಿಯಾ ಬಸಿದು ಬರುವ ಕಾಲುವೆಯೂ ಬೇಡ:
ಮೇಲೆ ಹಸಿರು ಕೆನೆ ಕಟ್ಟಿ, ಕೆಳಗಿನದು
ಬೆಳಕು ಹುಡುಕಿ ಹುಡುಕಿ ಉದ್ದಕ್ಕೆ ಎಳೆದುಕೊಂಡಿರುತ್ತದೆ,
ಹಳದಿ, ಲಡ್ಡು.
ತೂಬಿನ ಪಕ್ಕ, ನೀರು ಓಡಿಯೂ ಓಡದ ಹಾಗಿರುವ ಕಡೆ,
ಮರಳು ಕಾಣುವಷ್ಟು ತಿಳಿಯಲ್ಲಿ, ಅಲ್ಲಿದೆ ನನ್ನದು.
ಹನ್ನೊಂದರ ಬಿಸಿಲಿಗೆ ಎಲೆತುದಿಗಳಲ್ಲಿ ಬೆಳ್ಳಿಮಣಿ.

ಬಲೆ ಬೀಸುವ ಜವರನಿಗೆ ಪಾಠ ಬೇಡ.
"ಮೂರು ದಿವ್ಸ ಮೋಡ ಕವುಚ್ಕಂಡ್ರೆ ಕೋಳಿ ಕೂಗೊ ಹೊತ್ನಲ್ಲಿ ನೋಡಕ್ಕ,
ಮೀನೆಲ್ಲ ಮೇಲ್ ಬಂದು ಬಾಯ್ ಬಾಯ್ ಬುಡ್ತವೆ.
ರಾತ್ರಿಯೆಲ್ಲ ಗಿಡಾನೂ ಉಸುರು ಎಳ್ಕಂಡಿರ್ತದೆ.
ಹಗ್ಲು ಗೇದಿಲ್ವಲ್ಲ, ಕೊಡಕ್ ಏನೈತೆ?"
ಇದನ್ನು ಮೇಡಂಗೆ ಹೇಳಿದೆ. ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು.

ಇವತ್ತು ಪರೀಕ್ಷೆ.
ಬೀಕರು, ಮಗುಚಿದ ಆಲಿಕೆ, ಅದರ ಮೇಲೆ ನೀರು ತುಂಬಿದ ಪ್ರನಾಳ,
ಹತ್ತು ಇಂಚು ದೂರಕ್ಕೆ ಬಲ್ಬು.
ಹೊರಗೆ ಅಕಾಲದ ಮೋಡ.
ಹನ್ನೊಂದೂಕಾಲಿಗೆ ಕರೆಂಟು ಹೋಯಿತು. ಗುಳ್ಳೆ ನಿಂತಿತು.

ಹುಡುಗರ ಪೆನ್ನು ನಿಲ್ಲಲಿಲ್ಲ:
ಮೂವತ್ತೆರಡು, ಇಪ್ಪತ್ತೊಂದು, ಹನ್ನೊಂದು,
ಹೋದ ವರ್ಷದ ಅಂಕಿಗಳು, ನನಗೂ ಬಾಯಿಪಾಠ.
ಕಿಟಕಿ ಪಕ್ಕದ ನಾಝ್ನೀನ್ ಮಾತ್ರ
ಒಂದು ನಿಮಿಷ ನೋಡಿದಳು, ಸೊನ್ನೆ ಬರೆದಳು.
ಇನ್ನೊಂದು ನಿಮಿಷ. ಸೊನ್ನೆ.
ಕೈ ನಡುಗುತ್ತಿತ್ತು, ಅಂಕಿ ನಡುಗಲಿಲ್ಲ.

ಮೋಡ ಸರಿದು ಅವಳ ಮೇಜಿಗೆ ಬಿಸಿಲು ಬಿತ್ತು.
ನಾಲ್ಕು. ಬಡ ನಾಲ್ಕು.
ಬೀಕರು ಮುಟ್ಟಿ ನೋಡಿದೆ, ಇನ್ನೂ ಉಗುರುಬೆಚ್ಚಗೆ:
ಯಾರೋ ಸ್ಟಾಫ್ ರೂಮಿನ ಕುದಿಸಿದ ನೀರು ತುಂಬಿದ್ದಾರೆ.
ಒಲೆ ಉರಿದರೇನು, ಅಕ್ಕಿ ಬೇಡವೆ?
ಅಡುಗೆ ಸೋಡಾದ ಡಬ್ಬಿ ಖಾಲಿ;
ಇಂಡೆಂಟು ದೀಪಾವಳಿಯಿಂದ ಪ್ರಿನ್ಸಿಪಾಲರ ಮೇಜಿನಲ್ಲಿದೆ.

ಗೇಟಿನ ಎಳನೀರು ಗಾಡಿಯಿಂದ ಒಂದು ಕೊಳವೆ ತಂದೆ.
ಪರೀಕ್ಷಕರ ಮುಖ ನೋಡಿದೆ. ಅವರು ಗೋಡೆ ಗಡಿಯಾರ ನೋಡಿದರು.
ಕೊಳವೆ ಅದ್ದಿ ಊದಿದೆ,
ಬೆಳಗಿನ ಮುದ್ದೆ, ಬಸ್ಸಿನಲ್ಲಾದ ಚಿಲ್ಲರೆ ಜಗಳ,
ಮಂಡಿ ನೋವು, ಎಲ್ಲ ಸುಟ್ಟು ಉಳಿದ ಗಾಳಿ,
ನನಗೆ ಇನ್ನು ಬೇಡವಾದದ್ದು.
ನನ್ನ ಗುಳ್ಳೆ ಬೇರೆ, ಗಿಡದ ಗುಳ್ಳೆ ಬೇರೆ;
ನನ್ನದು ಅಡಗುವ ತನಕ ಇಬ್ಬರೂ ಕಾದೆವು.

ಒಂಬತ್ತು.
ಮುಂದಿನ ನಿಮಿಷ ಹದಿನಾಲ್ಕು.

ಕೊನೆಯ ಕಾಲಂ 'ಕಾರಣ'. ಅಲ್ಲಿ ಅವಳು ಬರೆದಳು:
ಬೆಳಕಿಲ್ಲ. ಬೆಳಕಿಲ್ಲ. ಕುದಿಸಿದ ನೀರು.
ಕೆಂಪಾಜಮ್ಮನವರ ಉಸಿರು.
ಪರೀಕ್ಷಕರ ಕೆಂಪು ಪೆನ್ನು ಅಲ್ಲಿ ಬಹಳ ಹೊತ್ತು ನಿಂತು
ಏನೋ ಗೀಚಿತು. ಸರಿಯೋ, ಪ್ರಶ್ನೆಯೋ,
ಸಿಂಕಿನ ಹತ್ತಿರದಿಂದ ನನಗೆ ಕಾಣಲಿಲ್ಲ.

ಸಂಜೆ ಬಕೆಟ್ಟಿನಲ್ಲಿ ಉಳಿದ ಗಿಡ ತೆಗೆದುಕೊಂಡು
ಇಂಡುವಾಳಿನ ಬಸ್ಸು ಹತ್ತಿದೆ.
ಕಂಡಕ್ಟರ್ ಇಣುಕಿ ನೋಡಿ ಕೇಳಿದ: "ಏನಕ್ಕ, ಪಾಚಿನಾ?"